ಏಳು ಸೆನ್ಸರ್, ಒಂದು ಗೊಂಬೆ, ಹನ್ನೆರಡು ಪುಟದ ರಿಪೋರ್ಟ್

ಮೊಣಕಾಲು ಎಷ್ಟು ಮಡಚುತ್ತದೆ, ಪಾದ ಯಾವಾಗ ನೆಲಕ್ಕೆ ತಾಗುತ್ತದೆ, ಯಾವಾಗ ಏಳುತ್ತದೆ. ಇಷ್ಟು ತಿಳಿದರೆ ಸಾಕು ಅನ್ನುವವರು ಕಾಲಿಗೆ ಸೆನ್ಸರ್ ಕಟ್ಟಿ ನಡಿಗೆ ಅಳೆಯುವ ಈ ಕಿಟ್ಟನ್ನು ಧೈರ್ಯವಾಗಿ ತಗೊಳ್ಳಬಹುದು. ರಿಪೋರ್ಟಿನಲ್ಲಿ ಬರುವ ಉಳಿದ ಪುಟಗಳನ್ನು ನೋಡಿ ಆಸೆಪಟ್ಟು ತಗೊಳ್ಳಬೇಡಿ. ಆತುರದಲ್ಲಿರುವವರು ಇಲ್ಲಿಗೇ ಓದು ನಿಲ್ಲಿಸಿದರೂ ನಷ್ಟವಿಲ್ಲ.

ನಾನು ಫಿಸಿಯೋಥೆರಪಿಸ್ಟ್. ನನ್ನದು ಚಿಕ್ಕ ಕ್ಲಿನಿಕ್. ಬರುವವರಲ್ಲಿ ಕಾಲಿನ ತೊಂದರೆಯವರೇ ಜಾಸ್ತಿ. ಲಿಗಮೆಂಟ್ ಆಪರೇಷನ್ ಆದ ಆಟಗಾರರು, ಕೀಲು ಸವೆದ ಹಿರಿಯರು, ಪಾರ್ಶ್ವವಾಯು ಹೊಡೆದು ಮತ್ತೆ ನಡೆಯಲು ಕಲಿಯುತ್ತಿರುವವರು. ಇವರ ನಡಿಗೆ ಸುಧಾರಿಸಿದೆಯೋ ಇಲ್ಲವೋ ಅಂತ ಬರೀ ಕಣ್ಣಿನಲ್ಲಿ ನೋಡಿ ಹೇಳುವುದು ಸಾಕಾಗಿ ಈ ಕಿಟ್ ತರಿಸಿದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಈ ಜಾತಿಯ ಕಿಟ್‌ಗಳು ಕೆಲಸ ಮಾಡುವ ರೀತಿ ಹೆಚ್ಚುಕಮ್ಮಿ ಒಂದೇ. ಹಾಗಾಗಿ ನಾನು ಹೊಗಳುವುದು, ಬೈಯುವುದು ಎರಡರಲ್ಲೂ ಮುಕ್ಕಾಲು ಪಾಲು ಬೇರೆ ಕಿಟ್‌ಗಳಿಗೂ ಸಲ್ಲುತ್ತದೆ.

ಡಬ್ಬಿಯಲ್ಲಿ ಏಳು ಸೆನ್ಸರ್ ಇವೆ. ಸೊಂಟದ ಹಿಂದೆ ಒಂದು, ತೊಡೆಗಳಿಗೆ ಎರಡು, ಮೊಣಕಾಲ ಕೆಳಗೆ ಎರಡು, ಪಾದಗಳ ಮೇಲೆ ಎರಡು. ಕಟ್ಟಿಕೊಂಡವರಿಗೆ ಭಾರವೇ ಗೊತ್ತಾಗುವುದಿಲ್ಲ. ಬ್ಲೂಟೂತ್ ಮೂಲಕ ಟ್ಯಾಬ್ಲೆಟ್ಟಿಗೆ ಸೇರಿಕೊಳ್ಳುತ್ತವೆ. ರೋಗಿ ನಡೆದಂತೆ ಪರದೆಯ ಮೇಲೆ ಒಂದು ಬೂದು ಬಣ್ಣದ ಗೊಂಬೆಯೂ ನಡೆಯುತ್ತದೆ. ಬ್ಯಾಟರಿ, ಚಾರ್ಜಿಂಗ್ ಬಗ್ಗೆ ದೂರಿಲ್ಲ.

ದೂರು ಇರುವುದು ಸೆನ್ಸರ್ ಕಟ್ಟುವ ಪಟ್ಟಿಗಳ ಬಗ್ಗೆ. ತೊಡೆ ಮೇಲೆ ದಪ್ಪ, ಕೆಳಗೆ ಸಣ್ಣ. ನಡೆಯುತ್ತಾ ನಡೆಯುತ್ತಾ ಪಟ್ಟಿ ಕೆಳಗೆ ಜಾರದೆ ಇನ್ನೇನಾಗುತ್ತದೆ? ಒಳಗಡೆ ಸಿಲಿಕಾನ್ ಗೆರೆ ಹಾಕಿಕೊಟ್ಟಿದ್ದಾರೆ. ಒಣ ಚರ್ಮದ ಮೇಲೆ ಅದು ಹಿಡಿಯುತ್ತದೆ. ಬೆವರು ಬಂತೋ, ಮುಗೀತು. ಟ್ರೆಡ್‌ಮಿಲ್ ಮೇಲೆ ಓಡಿಸುವಾಗ ನಾನು ಮೇಲಿಂದ ಅಂಟುವ ಬ್ಯಾಂಡೇಜ್ ಸುತ್ತುತ್ತೇನೆ. ಹಾಗಂತ ಜಾಸ್ತಿ ಬಿಗಿದರೆ ರೋಗಿ ತನ್ನ ನಡಿಗೆಯನ್ನೇ ಬದಲಿಸಿಕೊಳ್ಳುತ್ತಾರೆ, ಆಮೇಲೆ ಅಳೆದು ಏನು ಪ್ರಯೋಜನ? ಮೊಣಕಾಲ ಕೆಳಗಿನ ಸೆನ್ಸರನ್ನು ಕೈಪಿಡಿಯ ಚಿತ್ರದಲ್ಲಿ ಪಕ್ಕಕ್ಕೆ, ಮಾಂಸದ ಮೇಲೆ ತೋರಿಸಿದ್ದಾರೆ. ಅಲ್ಲಿ ಬೇಡ. ಮುಂದುಗಡೆ, ಸ್ವಲ್ಪ ಒಳಪಕ್ಕಕ್ಕೆ, ಬೆರಳಿಟ್ಟರೆ ಚರ್ಮದ ಕೆಳಗೆ ನೇರ ಮೂಳೆಯೇ ಸಿಗುವ ಚಪ್ಪಟೆ ಜಾಗ ಇದೆಯಲ್ಲ, ಅಲ್ಲಿ ಕೂರಿಸಿ. ಅಡಿಯಲ್ಲಿ ಮಾಂಸ ಕಮ್ಮಿ ಇದ್ದಷ್ಟೂ ಸೆನ್ಸರ್ ಅಲುಗುವುದು ಕಮ್ಮಿ. ಇನ್ನೊಂದು ಮಾತು: ಪಟ್ಟಿ ಒಂದೇ ಜೊತೆ ಕೊಡುತ್ತಾರೆ. ಒಬ್ಬರ ಬೆವರಿನ ಪಟ್ಟಿಯನ್ನು ಇನ್ನೊಬ್ಬರಿಗೆ ಕಟ್ಟೋಕಾಗಲ್ಲ. ಇನ್ನೊಂದು ಜೊತೆಯನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಪಟ್ಟಿ ಬಗ್ಗೆ ಹೀಗೆ ಗೊಣಗುವಾಗೆಲ್ಲ ನನಗೆ ಜರ್ಮನಿಯ ಲೈಪ್‌ಜಿಗ್‌ನ ವಿಜ್ಞಾನಿಗಳಾದ ಬ್ರೌನೆ ಮತ್ತು ಫಿಶರ್ ನೆನಪಾಗುತ್ತಾರೆ. 1891ರಲ್ಲಿ ಅವರು ಒಬ್ಬ ಮನುಷ್ಯನ ಮೈಗೆ ಗ್ಯಾಸ್ ತುಂಬಿದ ಬೆಳಕಿನ ಕೊಳವೆಗಳನ್ನು ಕಟ್ಟಿ, ಕತ್ತಲಲ್ಲಿ ನಡೆಸಿ ಫೋಟೋ ತೆಗೆದರು. ಕಟ್ಟುವುದಕ್ಕೆ ಗಂಟೆಗಟ್ಟಲೆ, ನಡೆದದ್ದು ಕೆಲವೇ ಹೆಜ್ಜೆ. ಬ್ರೌನೆ ಮರುವರ್ಷವೇ ತೀರಿಕೊಂಡರು. ಫಿಶರ್ ಕೈಯಲ್ಲೇ ಲೆಕ್ಕ ಹಾಕುತ್ತಾ ಕೂತು, ಪೂರ್ತಿ ಪ್ರಕಟಿಸುವ ಹೊತ್ತಿಗೆ 1904 ಆಗಿತ್ತು. ನನ್ನ ಟ್ಯಾಬ್ಲೆಟ್ಟಿಗೆ ಆ ಬಗೆಯ ಲೆಕ್ಕಕ್ಕೆ ರೋಗಿ ಚಪ್ಪಲಿ ಹಾಕಿಕೊಳ್ಳುವಷ್ಟು ಹೊತ್ತು ಸಾಕು. ಆದರೆ ಫಿಶರ್‌ಗೆ ತನ್ನ ಲೆಕ್ಕದಲ್ಲಿ ಎಲ್ಲೆಲ್ಲಿ ಏನೇನು ಅಂದಾಜು ಮಾಡಿದ್ದೇನೆ ಅಂತ ಗೊತ್ತಿತ್ತು. ಈ ಆ್ಯಪ್ ಅದನ್ನು ಬಾಯಿ ಬಿಡುವುದಿಲ್ಲ.

ಒಳಗೆ ನಡೆಯುವುದು ಇಷ್ಟು. ಪ್ರತಿ ಸೆನ್ಸರಿನಲ್ಲಿ ಮೂರು ಚಿಕ್ಕ ಯಂತ್ರಗಳಿವೆ. ಅಕ್ಸೆಲೆರೋಮೀಟರ್ ವೇಗ ಹೇಗೆ ಬದಲಾಗುತ್ತಿದೆ ಅಂತ ನೋಡುತ್ತದೆ. ಭೂಮಿಯ ಸೆಳೆತವೂ ಅದಕ್ಕೆ ತಾಗುವುದರಿಂದ ಕೆಳಗಡೆ ಯಾವುದು ಅಂತ ಅದಕ್ಕೆ ಗೊತ್ತು. ಗೈರೋಸ್ಕೋಪ್ ತಿರುಗುವ ವೇಗ ಹೇಳುತ್ತದೆ. ಮ್ಯಾಗ್ನೆಟೋಮೀಟರ್ ಅಂದರೆ ದಿಕ್ಸೂಚಿ. ತಿರುಗುವ ವೇಗವನ್ನು ಸೆಕೆಂಡಿಗೆ 100 ಸಲ ಓದಿ ಕೂಡುತ್ತಾ ಹೋದರೆ ಎಷ್ಟು ಡಿಗ್ರಿ ತಿರುಗಿತು ಅಂತ ಸಿಗುತ್ತದೆ. ತೊಂದರೆ ಏನಂದರೆ, ಗೈರೋಸ್ಕೋಪ್ ಮೇಜಿನ ಮೇಲೆ ಸುಮ್ನೆ ಬಿದ್ದಿದ್ದರೂ ಪೂರ್ತಿ ಸೊನ್ನೆ ತೋರಿಸುವುದಿಲ್ಲ. ದಿನಕ್ಕೆ ಅರ್ಧ ನಿಮಿಷ ಮುಂದೆ ಓಡುವ ಗಡಿಯಾರದ ಹಾಗೆ, ಆ ಒಂಚೂರು ತಪ್ಪು ಕೂಡುತ್ತಲೇ ಹೋಗುತ್ತದೆ. ಮುಂದಕ್ಕೋ ಪಕ್ಕಕ್ಕೋ ವಾಲಿದ ತಪ್ಪಾದರೆ ಭೂಮಿಯ ಸೆಳೆತ ನೋಡಿ ಸರಿ ಮಾಡಬಹುದು. ಎಡಕ್ಕೆ ಬಲಕ್ಕೆ ತಿರುಗಿದ ತಪ್ಪನ್ನು ಸೆಳೆತ ಹೇಳುವುದಿಲ್ಲ. ಅದಕ್ಕೆ ದಿಕ್ಸೂಚಿಯೇ ಬೇಕು. ದಿಕ್ಸೂಚಿಗೋ, ಕಬ್ಬಿಣ ಕಂಡರೆ ಆಗದು.

ಕ್ಲಿನಿಕ್ಕಿನಲ್ಲಿ ಕಬ್ಬಿಣ ಬಿಟ್ಟು ಬೇರೇನಿದೆ ಹೇಳಿ! ಮಂಚ, ರೋಗಿಗಳು ಹಿಡಿದು ನಡೆಯುವ ಪ್ಯಾರಲಲ್ ಬಾರ್, ತೂಕದ ಬಿಲ್ಲೆಗಳು, ಟ್ರೆಡ್‌ಮಿಲ್ಲಿನ ಮೋಟಾರು. ಪ್ಯಾರಲಲ್ ಬಾರ್ ನಡುವೆ ರೋಗಿಯನ್ನು ನಡೆಸಿದಾಗ ಪರದೆಯ ಗೊಂಬೆಯ ಬಲಪಾದ ಮೆಲ್ಲಗೆ ಹೊರಕ್ಕೆ ತಿರುಗಲು ಶುರುವಾಯಿತು. ಅತ್ತಿತ್ತ ಓಡಾಡುವಷ್ಟರಲ್ಲಿ ಗೊಂಬೆಯ ಹಿಮ್ಮಡಿ ಮುಂದೆ ಬಂದಿತ್ತು. ರೋಗಿಯ ಪಾದ ಮಾತ್ರ ನೆಟ್ಟಗೇ ಇತ್ತು. "ಮೇಡಂ, ಇದು ನಾನೇನಾ?" ಅಂತ ಅವರು ಗಾಬರಿಯಾಗಿ ಕೇಳಿದರು. ಕಾಂಕ್ರೀಟ್ ನೆಲದೊಳಗಿನ ಸರಳು ಕೂಡ ಪಾದದ ಸೆನ್ಸರನ್ನು ಕೆಡಿಸುತ್ತದೆ. ಆ್ಯಪ್‌ನ ಸೆಟ್ಟಿಂಗ್ಸ್ ಒಳಗೆ ದಿಕ್ಸೂಚಿಯನ್ನು ಆಫ್ ಮಾಡುವ ಒಂದು ಗುಂಡಿ ಇದೆ. ಚಿಕ್ಕ ಚಿಕ್ಕ ನಡಿಗೆ ಅಳೆಯುವಾಗ ಅದನ್ನು ಆಫ್ ಮಾಡಿ, ಪ್ರತಿ ನಡಿಗೆಗೂ ಹೊಸದಾಗಿ ಕ್ಯಾಲಿಬ್ರೇಟ್ ಮಾಡುವುದೇ, ಅಂದರೆ ಸೊನ್ನೆ ಹೊಂದಿಸುವುದೇ ವಾಸಿ. ಈ ಗುಂಡಿಯನ್ನು ಅಷ್ಟು ಆಳದಲ್ಲಿ ಯಾಕೆ ಹೂತಿಟ್ಟಿದ್ದಾರೋ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಈ ಕ್ಯಾಲಿಬ್ರೇಷನ್ ವಿಷಯಕ್ಕೇ. ಶುರು ಮಾಡುವಾಗ ರೋಗಿ ಕೈ ಇಳಿಬಿಟ್ಟುಕೊಂಡು, ಅಲುಗದೆ, ನೆಟ್ಟಗೆ ನಿಲ್ಲಬೇಕು. ಆಗಿನ ಭಂಗಿಯನ್ನು ಆ್ಯಪ್ ಸೊನ್ನೆ ಅಂತ ಬರೆದುಕೊಳ್ಳುತ್ತದೆ. ಸೊಂಟ ಸೊನ್ನೆ, ಮೊಣಕಾಲು ಸೊನ್ನೆ, ಪಾದದ ಕೀಲು ಸೊನ್ನೆ. ಗಟ್ಟಿಮುಟ್ಟಾಗಿರುವವರಿಗೆ ಇದು ನಡೆಯುತ್ತದೆ. ಆದರೆ ಮೊಣಕಾಲು ನೆಟ್ಟಗಾಗುವುದಿಲ್ಲ ಅಂತಲೇ ಅಲ್ವಾ ಜನ ನನ್ನ ಹತ್ತಿರ ಬರುವುದು?

ಕೀಲು ಸವೆದ ಒಬ್ಬ ಅಜ್ಜಿ ಬರುತ್ತಾರೆ. ಮಂಚದ ಮೇಲೆ ಮಲಗಿಸಿ, ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಇಟ್ಟು ನೋಡಿದರೆ ಅವರ ಮೊಣಕಾಲು 10 ಡಿಗ್ರಿ ಮಡಚಿಕೊಂಡೇ ಇರುತ್ತದೆ. ಎಷ್ಟು ಒತ್ತಿದರೂ ಅದಕ್ಕಿಂತ ನೆಟ್ಟಗಾಗಲ್ಲ. ನಿಂತರೂ ಅಷ್ಟೇ. ಆ್ಯಪ್ ಆ 10 ಡಿಗ್ರಿಯನ್ನೇ ಸೊನ್ನೆ ಅಂದುಕೊಂಡಿತು. ರಿಪೋರ್ಟಿನಲ್ಲಿ ಮೊಣಕಾಲು ಪೂರ್ತಿ ನೆಟ್ಟಗಾಗುತ್ತಿದೆ ಅಂತ ಹಸಿರು ಗುರುತು. ಅದೇ ಕಾರಣಕ್ಕೆ ಮಡಚುವ ಅಳತೆ 10 ಡಿಗ್ರಿ ಕಮ್ಮಿಯಾಗಿ ಬಂತು. ಅಲ್ಲಿ ಕೆಂಪು ಗುರುತು. ಇರುವ ತೊಂದರೆ ಮಾಯ, ಇಲ್ಲದ ತೊಂದರೆ ಹಾಜರ್! ಗೋನಿಯೋಮೀಟರಿನ ಅಂಕಿಯನ್ನು ಟೈಪ್ ಮಾಡುವುದಕ್ಕೆ ಒಂದು ಖಾಲಿ ಜಾಗ ಕೊಟ್ಟರೆ ಈ ತಾಪತ್ರಯ ಮುಗಿಯುತ್ತದೆ. ಕಂಪನಿಗೆ ಬರೆದೆ. ನಿಮ್ಮ ಸಲಹೆಯನ್ನು ತಂಡಕ್ಕೆ ತಿಳಿಸಿದ್ದೇವೆ ಅಂತ ಉತ್ತರ ಬಂತು. ಅಲ್ಲಿಯವರೆಗೆ ನಾನು ರಿಪೋರ್ಟಿನ ತಲೆಯ ಮೇಲೆ ಪೆನ್ನಿನಲ್ಲಿ ಬರೆಯುತ್ತೇನೆ: 10 ಡಿಗ್ರಿ ಸೇರಿಸಿ ಓದುವುದು.

ಇನ್ನು ಅಂಕಿಗಳ ಠೀವಿ ನೋಡಬೇಕು. ಮೊಣಕಾಲು ಮಡಚಿದ್ದು 58.37 ಡಿಗ್ರಿ ಅಂತೆ. ಅದೇ ವ್ಯಕ್ತಿಯ ಪಟ್ಟಿ ಬಿಚ್ಚಿ, ಮತ್ತೆ ಕಟ್ಟಿ, ಅದೇ ಜಾಗದಲ್ಲಿ ನಡೆಸಿದರೆ ಮೂರು ನಾಲ್ಕು ಡಿಗ್ರಿ ಆಚೀಚೆ ಆಗುತ್ತದೆ. ಹಾಗಿರುವಾಗ ಆ .37 ಯಾರನ್ನು ಮೆಚ್ಚಿಸುವುದಕ್ಕೆ?

ಇಷ್ಟು ಬೈದ ಮೇಲೂ ಕಿಟ್ಟನ್ನು ಇಟ್ಟುಕೊಂಡಿದ್ದೇನೆ. ಒಂದೇ ಒಂದು ಗೆರೆಗಾಗಿ.

ನಡೆಯುವಾಗ ಮೊಣಕಾಲಿನ ಗ್ರಾಫ್ ಒಂದೊಂದು ಹೆಜ್ಜೆಗೂ ಎರಡು ಸಲ ಏರುತ್ತದೆ. ಮೊದಲನೆಯದು ಚಿಕ್ಕ ದಿಬ್ಬ. ಹಿಮ್ಮಡಿ ನೆಲಕ್ಕೆ ತಾಗಿ ಮೈಭಾರ ಆ ಕಾಲಿಗೆ ಬಂದಾಗ ಮೊಣಕಾಲು ಸುಮಾರು 15ರಿಂದ 20 ಡಿಗ್ರಿ ಮಡಚಿ ಆ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಎರಡನೆಯದು ದೊಡ್ಡ ದಿಬ್ಬ. ಕಾಲು ಗಾಳಿಯಲ್ಲಿ ಮುಂದೆ ಹೋಗುವಾಗ ಸುಮಾರು 60 ಡಿಗ್ರಿಯವರೆಗೆ ಮಡಚುತ್ತದೆ. ದೊಡ್ಡದು ಎಲ್ಲರ ಕಣ್ಣಿಗೂ ಕಾಣುತ್ತದೆ. ಚಿಕ್ಕದು ರೆಪ್ಪೆ ಬಡಿಯುವಷ್ಟರಲ್ಲಿ ಬಂದು ಹೋಗುತ್ತದೆ. ವರ್ಷಗಟ್ಟಲೆ ನಡಿಗೆ ನೋಡಿದವರಿಗೂ ಅದು ಇದೆಯೋ ಇಲ್ಲವೋ ಅಂತ ಆಣೆ ಮಾಡಿ ಹೇಳುವುದು ಕಷ್ಟ.

ವಾಲಿಬಾಲ್ ಆಡುವ ಒಬ್ಬ ಹುಡುಗ, ಬಲ ಮೊಣಕಾಲಿಗೆ ಲಿಗಮೆಂಟ್ ಆಪರೇಷನ್ ಆಗಿತ್ತು. ನೋವಿಲ್ಲ, ಊತವಿಲ್ಲ, ಕುಂಟು ಇಲ್ಲ. ಮನೆಯವರು ಪೂರ್ತಿ ಸರಿಯಾಗಿದ್ದಾನೆ ಅನ್ನುತ್ತಿದ್ದರು. ಅವನಿಗೆ ಯಾವಾಗ ಕೋರ್ಟಿಗೆ ಇಳಿದೇನೋ ಅಂತ ಆತುರ. ಸೆನ್ಸರ್ ಕಟ್ಟಿ ನಡೆಸಿದೆ. ಎಡಗಾಲಿನ ಗ್ರಾಫಿನಲ್ಲಿ ಎರಡೂ ದಿಬ್ಬ ಸೊಗಸಾಗಿದ್ದವು, ಚಿಕ್ಕದು 17 ಡಿಗ್ರಿ ಏರಿತ್ತು. ಬಲಗಾಲಿನದು 6ಕ್ಕೆ ನಿಂತಿತ್ತು. ಅಂದರೆ ಭಾರ ಬೀಳುವ ಹೊತ್ತಿಗೆ ಅವನು ಮೊಣಕಾಲನ್ನು ಕೋಲು ಮಾಡಿಕೊಳ್ಳುತ್ತಿದ್ದ. ಮಡಚಿದರೆ ತೊಡೆಯ ಮುಂದಿನ ಸ್ನಾಯು ತಡೆದು ಹಿಡಿಯಬೇಕು. ಆ ಸ್ನಾಯುವಿನ ಮೇಲೆ ಅವನಿಗೆ ಒಳಗೊಳಗೇ ನಂಬಿಕೆ ಇರಲಿಲ್ಲ.

"ನೋವೇ ಇಲ್ಲ ಮೇಡಂ, ಮತ್ತೆ ಹೀಗ್ಯಾಕೆ?"

"ನೋವಿಲ್ಲ ಕಣೋ, ಆದ್ರೆ ಕಾಲಿಗಿನ್ನೂ ಧೈರ್ಯ ಬಂದಿಲ್ಲ."

ಇಲ್ಲಿ ಸೊನ್ನೆಯ ಗಲಾಟೆ ಅಡ್ಡ ಬರಲಿಲ್ಲ ಅನ್ನುವುದನ್ನು ಗಮನಿಸಿ. ನಾನು ನೋಡಿದ್ದು ಹಿಮ್ಮಡಿ ತಾಗಿದಲ್ಲಿಂದ ದಿಬ್ಬದ ತುದಿಗೆ ಎಷ್ಟು ಏರಿತು ಅಂತ. ಸೊನ್ನೆ ಎಲ್ಲೇ ಇರಲಿ, ಏರಿದ್ದು ಅಷ್ಟೇ ಇರುತ್ತದೆ. ಎಡಕ್ಕೂ ಬಲಕ್ಕೂ 11 ಡಿಗ್ರಿ ವ್ಯತ್ಯಾಸ ಇರುವಾಗ ಪಟ್ಟಿಯ ಮೂರು ನಾಲ್ಕು ಡಿಗ್ರಿ ಕಳೆದರೂ ಮಾತು ಗಟ್ಟಿಯಾಗಿಯೇ ನಿಲ್ಲುತ್ತದೆ. ಆಮೇಲೆ ಟ್ಯಾಬ್ಲೆಟ್ಟನ್ನು ಅವನ ಎದುರಿಗೇ ಇಟ್ಟು, ಚಿಕ್ಕ ಮೆಟ್ಟಿಲಿನಿಂದ ಇಳಿಯುವ ವ್ಯಾಯಾಮ ಮಾಡಿಸಿದೆ. ಗೊಂಬೆಯನ್ನು ಮುಚ್ಚಿ ಬರೀ ಗೆರೆ ತೋರಿಸಿದೆ. ಬಾಯಲ್ಲಿ ಎಷ್ಟು ಸಲ "ಮಡಚು ಮಡಚು" ಅಂದಿದ್ದರೂ ಆಗದ್ದು, ಗೆರೆ ಏಳುವುದನ್ನು ಕಂಡ ಮೇಲೆ ಆಯಿತು. ಹುಡುಗರಿಗೆ ಅದೊಂದು ಆಟ. ವಾರಗಳು ಕಳೆದಂತೆ ನಡಿಗೆಯಲ್ಲೂ ದಿಬ್ಬ ಏಳತೊಡಗಿತು. ಈ ಒಂದು ಉಪಯೋಗಕ್ಕೆ ನಾನು ಐದಕ್ಕೆ ಐದು ಕೊಡುತ್ತೇನೆ.

ಇದನ್ನೆಲ್ಲ ಫೋನಿನ ಕ್ಯಾಮೆರಾದಲ್ಲೇ ಮಾಡೋಕಾಗಲ್ವಾ ಅಂತ ಪರಿಚಯದವರು ಕೇಳುತ್ತಾರೆ. ಸ್ವಲ್ಪ ಮಟ್ಟಿಗೆ ಆಗುತ್ತದೆ. ಮೈಗೆ ಏನನ್ನೂ ಅಂಟಿಸದೆ ಕೈಕಾಲುಗಳ ಚಲನೆ ಹಿಡಿಯಬಹುದು ಅಂತ ಮನೆಮನೆಗೆ ತೋರಿಸಿದ್ದು ವಿಡಿಯೋ ಗೇಮಿಗೆ ಅಂತ ಬಂದ 2010ರ ಕೈನೆಕ್ಟ್ ಕ್ಯಾಮೆರಾ. ಮಾಮೂಲಿ ವಿಡಿಯೋದಿಂದಲೇ ಕೀಲುಗಳನ್ನು ಗುರುತಿಸುವ ಓಪನ್‌ಪೋಸ್ ಅನ್ನುವ ಸಾಫ್ಟ್‌ವೇರ್ 2017ರಲ್ಲಿ ಬಂತು. 2020ರಲ್ಲಿ ಬಂದ ಬ್ಲೇಜ್‌ಪೋಸ್ ಫೋನಿನೊಳಗೇ ಮೈಮೇಲಿನ 33 ಬಿಂದುಗಳನ್ನು ಹಿಡಿಯುತ್ತದೆ. ಸ್ಟ್ಯಾನ್‌ಫರ್ಡ್‌ನವರ ಓಪನ್‌ಕ್ಯಾಪ್ ಎರಡು ಐಫೋನ್ ಇಟ್ಟು ಮೂರು ಆಯಾಮದ ಕೋನಗಳನ್ನೇ ಕೊಡುತ್ತದೆ, ಸಂಶೋಧನೆಗೆ ಉಚಿತ.

ನಾನು ಕಿಟ್ ಕಟ್ಟಿದ ರೋಗಿಗಳನ್ನೇ ಪಕ್ಕದಿಂದ ಒಂದು ಫೋನಿನಲ್ಲೂ ಹಿಡಿದು ನೋಡಿದೆ. ಸಡಿಲ ಪ್ಯಾಂಟ್ ಹಾಕಿದ್ದರೆ ಮೊಣಕಾಲಿನ ಬಿಂದು ಬಟ್ಟೆಯ ಮಡಿಕೆಯ ಹಿಂದೆ ಓಡುತ್ತದೆ. ಒಂದು ಕಾಲು ಇನ್ನೊಂದನ್ನು ದಾಟುವ ಹೊತ್ತಿಗೆ ಎಡ ಯಾವುದು, ಬಲ ಯಾವುದು ಅಂತ ಸಾಫ್ಟ್‌ವೇರ್‌ಗೆ ಅನುಮಾನ ಬಂದು ಎರಡನ್ನೂ ಅದಲುಬದಲು ಮಾಡುತ್ತದೆ. ಗ್ರಾಫ್ ಅಲ್ಲಿ ಚಂಗನೆ ಹಾರುತ್ತದೆ. ಓಟದ ವಿಷಯದಲ್ಲಿ ಇನ್ನೂ ಕಷ್ಟ. ಓಡುವಾಗ ಪಾದ ನೆಲದ ಮೇಲಿರುವುದು ಸುಮಾರು ಕಾಲು ಸೆಕೆಂಡ್. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾಗೆ ಅದರಲ್ಲಿ ಸಿಗುವುದು ಏಳೆಂಟು ಚಿತ್ರ. ಪಾದ ತಾಗಿದ ಗಳಿಗೆ ಎರಡು ಚಿತ್ರಗಳ ನಡುವೆ ಎಲ್ಲೋ ಬಿದ್ದು ಹೋಗುತ್ತದೆ. 240 ಚಿತ್ರದ ಸ್ಲೋ ಮೋಷನ್‌ನಲ್ಲಿ ಹಿಡಿಯಬಹುದು, ಆದರೆ ಕೋಣೆಯೊಳಗಿನ ಬೆಳಕು ಸಾಲುವುದಿಲ್ಲ.

ಆದರೂ ಒಂದು ಕಡೆ ಫೋನ್ ಈ ಕಿಟ್ಟನ್ನು ಸುಲಭವಾಗಿ ಸೋಲಿಸುತ್ತದೆ. ಕಿಟ್ಟಿಗೆ ಸೊಂಟದಿಂದ ಮೇಲೆ ಏನೂ ಗೊತ್ತಿಲ್ಲ. ಪಾರ್ಶ್ವವಾಯು ಆದವರು ಕಾಲು ಎತ್ತಲಾಗದೆ ಇಡೀ ಮೈಯನ್ನು ಒಂದು ಪಕ್ಕಕ್ಕೆ ವಾಲಿಸಿ ಹೆಜ್ಜೆ ಹಾಕುತ್ತಾರಲ್ಲ, ಆ ವಾಲಿಕೆ ಗೊಂಬೆಯಲ್ಲಿ ಬರುವುದೇ ಇಲ್ಲ. ಗೊಂಬೆಯ ಎದೆ, ತಲೆ ಎಲ್ಲ ಅಲಂಕಾರಕ್ಕೆ ಇಟ್ಟದ್ದು. ಅಂಥವರಿಗೆ ನಾನು ಮೊದಲು ವಿಡಿಯೋ ತೆಗೆಯುತ್ತೇನೆ, ಆಮೇಲೆ ಸೆನ್ಸರ್.

ಗೆಳತಿಯೊಬ್ಬಳು ನಡಿಗೆ ಅಳೆಯುವ ದೊಡ್ಡ ಗೈಟ್ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಗೋಡೆಯ ಸುತ್ತ ಇನ್‌ಫ್ರಾರೆಡ್ ಕ್ಯಾಮೆರಾ, ಮೈಮೇಲೆ ಬೆಳಕು ಹಿಂತಿರುಗಿಸುವ ಪುಟ್ಟ ಗುಂಡುಗಳು, ನೆಲದಲ್ಲಿ ಬಲ ಅಳೆಯುವ ಫೋರ್ಸ್ ಪ್ಲೇಟ್. ಅಲ್ಲಿ ಕಿಟ್ಟನ್ನೂ ಗುಂಡುಗಳನ್ನೂ ಒಟ್ಟಿಗೆ ಹಾಕಿಕೊಂಡು ನಾನೇ ನಡೆದೆ. ಮೊಣಕಾಲು ಮಡಚುವ ಗ್ರಾಫ್ ಎರಡರಲ್ಲೂ ಹೆಚ್ಚುಕಮ್ಮಿ ಒಂದರ ಮೇಲೊಂದು ಕೂತಿತು. ಕೆಲವು ಡಿಗ್ರಿ ಮೇಲೆ ಕೆಳಗೆ, ಆಕಾರ ಅದೇ. ಮೊಣಕಾಲು ಒಳಕ್ಕೆ ಹೊರಕ್ಕೆ ತಿರುಚುವ ಗ್ರಾಫ್ ಮಾತ್ರ ಆಕಾರದಲ್ಲೇ ಹೊಂದಲಿಲ್ಲ. ಒಂದು ಏರುವಾಗ ಇನ್ನೊಂದು ಇಳಿಯುತ್ತಿತ್ತು.

ಇದಕ್ಕೆ ಕಿಟ್ಟನ್ನೊಂದೇ ಬೈಯುವುದು ನ್ಯಾಯವಲ್ಲ. ತಿರುಚುವಿಕೆ ಇರುವುದೇ ಕೆಲವು ಡಿಗ್ರಿ. ತೊಡೆಯ ಚರ್ಮ, ಮಾಂಸ ಮೂಳೆಯ ಮೇಲೆ ಸೆಂಟಿಮೀಟರುಗಟ್ಟಲೆ ಜಾರುತ್ತದೆ. 1990ರ ದಶಕದಲ್ಲಿ ಕೆಲವು ಸ್ವಯಂಸೇವಕರ ಮೂಳೆಗೇ ಪಿನ್ ನೆಟ್ಟು, ಚರ್ಮದ ಮೇಲೂ ಗುರುತು ಅಂಟಿಸಿ, ಎರಡನ್ನೂ ಹೋಲಿಸಿ ನೋಡಿದ್ದಾರೆ. ಮಡಚುವ ಅಳತೆ ಪರವಾಗಿಲ್ಲ, ತಿರುಚುವ ಅಳತೆ ನಂಬುವ ಹಾಗಿಲ್ಲ ಅಂತ ಆಗಲೇ ಗೊತ್ತಾಗಿತ್ತು. ಗೆಳತಿ ಕೂಡ ಲ್ಯಾಬಿನ ತಿರುಚುವ ಗ್ರಾಫ್ ನೋಡಿ ತೀರ್ಪು ಕೊಡುವಾಗ ಹಿಂದೆಮುಂದೆ ನೋಡುತ್ತಾಳೆ. ಈ ಕಿಟ್ಟಿನ ರಿಪೋರ್ಟಿಗೆ ಆ ಸಂಕೋಚ ಇಲ್ಲ. ತಿರುಚುವಿಕೆಗೆ ಅಂತಲೇ ಬಣ್ಣಬಣ್ಣದ ಒಂದು ಇಡೀ ಪುಟ!

ಮೊಣಕಾಲ ಮೇಲಿನ ಹೊರೆ ಅಂತ ಇನ್ನೊಂದು ಪುಟ ಇದೆ. ನೆಲ ಎಷ್ಟು ಬಲದಿಂದ ತಳ್ಳಿತು ಅಂತ ಗೊತ್ತಾಗುವುದು ಫೋರ್ಸ್ ಪ್ಲೇಟಿನ ಮೇಲೆ ಕಾಲಿಟ್ಟಾಗ. ಓಡುವಾಗ ಅದು ಮೈತೂಕದ ಎರಡು ಮೂರು ಪಟ್ಟಾಗುತ್ತದೆ. ಕಿಟ್ಟಿನಲ್ಲಿ ಪ್ಲೇಟೇ ಇಲ್ಲ. ಮೊಣಕಾಲ ಕೆಳಗಿನ ಸೆನ್ಸರಿಗೆ ಬಿದ್ದ ಅದುರನ್ನು ನೋಡಿ ಊಹೆ ಮಾಡಿ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ. ಆ ಪುಟವನ್ನು ನಾನು ಪ್ರಿಂಟ್ ಮಾಡುವುದೇ ಇಲ್ಲ.

ಗ್ರಾಫಿನ ಹಿಂದೆ ಇರುವ ಬೂದು ಪಟ್ಟೆಯ ಬಗ್ಗೆಯೂ ಎಚ್ಚರ ಇರಲಿ. ಮಾಮೂಲಿ ನಡಿಗೆ ಈ ಪಟ್ಟೆಯೊಳಗೆ ಇರಬೇಕು ಅಂತ ಅದರ ಲೆಕ್ಕ. ಯಾವ ವೇಗದ ನಡಿಗೆ? ನಿಧಾನಕ್ಕೆ ನಡೆದರೆ ಆರೋಗ್ಯವಂತರ ಮೊಣಕಾಲೂ ಕಮ್ಮಿ ಮಡಚುತ್ತದೆ. ನಾನೇ ಬೇಕಂತ ಮೆಲ್ಲಗೆ ನಡೆದು ನೋಡಿದೆ, ನನಗೂ ಕೆಂಪು ಗುರುತು ಬಂತು. ವಯಸ್ಸಾದವರು ನಿಧಾನವಾಗಿಯೇ ನಡೆಯುತ್ತಾರೆ. ರಿಪೋರ್ಟ್ ತುಂಬಾ ಕೆಂಪು ಕಂಡರೆ ಅವರಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ. ಅದಕ್ಕೆ ಈಗ ರೋಗಿಯ ಕೈಗೆ ಎರಡೇ ಹಾಳೆ ಕೊಡುತ್ತೇನೆ. ಮೊಣಕಾಲಿನ ಗೆರೆ ಒಂದು, ಹೆಜ್ಜೆಗಳ ಸಮಯ ಒಂದು. ಹಳೆಯ ಗೆರೆಯನ್ನೂ ಹೊಸದನ್ನೂ ಒಂದೇ ಚಿತ್ರದಲ್ಲಿ ಹಾಕಿ ಕೊಡುವ ಸೌಲಭ್ಯ ಆ್ಯಪ್‌ನಲ್ಲೇ ಇದೆ, ಅದು ಚೆನ್ನಾಗಿದೆ.

ರೋಗಿಗಳ ಹೆಸರು ಹಾಕಬೇಡಿ, ಎಲ್ಲವೂ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ನಾನು ಕೋಡ್ ನಂಬರ್ ಹಾಕುತ್ತೇನೆ. ವರ್ಷ ವರ್ಷ ಚಂದಾ ಕಟ್ಟಬೇಕು. ಕಟ್ಟದಿದ್ದರೆ ಹಳೆಯ ದಾಖಲೆ ತೆರೆಯುವುದಿಲ್ಲ ಅಂತ ಕರಾರಿನ ಸಣ್ಣಕ್ಷರದಲ್ಲಿದೆ, ಓದಿಕೊಂಡು ಸಹಿ ಹಾಕಿ. ಅದಕ್ಕೇ ಸೆನ್ಸರಿನ ಕಚ್ಚಾ ಅಂಕಿಗಳನ್ನು ನನ್ನ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದಾ ಅಂತ ಕೇಳಿದೆ. ದೊಡ್ಡ ಪ್ಯಾಕೇಜ್ ತಗೊಂಡರೆ ಕೊಡುತ್ತಾರಂತೆ. ತಗೊಂಡಿಲ್ಲ.